ಇಸ್ತ್ರಿಗೆ ‘ಹಾಕು’ ಯಾಕೆ?

ಆಟಿ ತಿಂಗಳ ಮಳೆಗೆ ಸುಳ್ಯ, ಕಡಬದ ಮನೆಗಳಲ್ಲಿ ಇಸ್ತ್ರಿಪೆಟ್ಟಿಗೆ ಸುಕ್ಕು ತೆಗೆಯುವುದಕ್ಕಿಂತ ಹಸಿ ಆರಿಸುವುದೇ ಹೆಚ್ಚು. ಚಾವಡಿಯ ಹಗ್ಗದಲ್ಲಿ ದಿನಗಟ್ಟಲೆ ನೇತಾಡಿಯೂ ತಣ್ಣಗಿರುವ ಯೂನಿಫಾರ್ಮ್ ಹಿಡಿದುಕೊಂಡು ಮಗ ಬಂದರೆ, “ಒಂದು ಇಸ್ತ್ರಿ ಹಾಕು ಮಗಾ, ಒಣಗ್ತದೆ” ಎನ್ನುತ್ತಾರೆ ಅಮ್ಮ. ಕರೆಂಟು ಇದ್ದರೆ, ಅಷ್ಟೆ.

ಈ ಇಸ್ತ್ರಿಗೂ ಸ್ತ್ರೀಗೂ ನಂಟು ಕಟ್ಟುವ ಹಳೆಯ ತಮಾಷೆಯೊಂದಿದೆ, ಅದನ್ನು ಬಿಡೋಣ. ಮೂಲ ಪೋರ್ಚುಗೀಸಿನ ‘ಎಸ್ತಿರಾರ್’ ಎನ್ನುತ್ತಾರೆ ನಿಘಂಟುಕಾರರು. ಎಳೆ, ಚಾಚು, ಹಿಗ್ಗಿಸು ಎಂದು ಅರ್ಥ. ಕೊನೆಯ ‘ಆರ್’ ನಮ್ಮ ‘ಎಳೆಯುವುದು’ ಎಂಬುದರ ‘ಉವುದು’ ಇದ್ದ ಹಾಗೆ. ಕರಾವಳಿಗೆ ಬಂದ ಪೋರ್ಚುಗೀಸ್ ಪದಗಳಲ್ಲಿ ಎದ್ದು ಕಾಣುವುದು ನಾಮಪದಗಳೇ: ಚಾವಿ, ಬಟಾಟೆ, ಇಗರ್ಜಿ. ಪುತ್ತೂರಿನ ‘ಮಾಯ್ ದೆ ದೇವುಸ್’ ಚರ್ಚಿನ ಹೆಸರೂ ಪೋರ್ಚುಗೀಸೇ, ‘ದೇವಮಾತೆ’ ಎಂದು. ಕ್ರಿಯಾಪದ ಬಂದದ್ದು ಅಪರೂಪ. ಬಂದದ್ದೂ ಇಲ್ಲಿ ಬಾಲ ಕಳಚಿಕೊಂಡು ವಸ್ತುವಿನ ಹೆಸರಾಯಿತು.

ಪರಭಾಷೆಯ ಪದಕ್ಕೆ ‘ಇಸು’ ಹಚ್ಚಿ ದುಡಿಸಿಕೊಳ್ಳುವುದು ಕನ್ನಡಕ್ಕೆ ಗೊತ್ತಿಲ್ಲದ್ದಲ್ಲ. ‘ಬದಲ್’ ಎಂಬುದು ‘ಬದಲಾಯಿಸು’ ಆಗಿದೆ. ಆದರೆ ‘ಇಸ್ತ್ರಿಸು’ ಎಂದು ಯಾರೂ ಹೇಳುವುದಿಲ್ಲ. ಇಸ್ತ್ರಿ ಹಾಕಬೇಕು, ಇಲ್ಲವೇ ಮಾಡಬೇಕು. ಪದದೊಳಗೇ ಇದ್ದ ಕ್ರಿಯೆ ನಮ್ಮ ಕಿವಿಗೆ ಕೇಳಿಸಲಿಲ್ಲ, ಕಂಡದ್ದು ಪೆಟ್ಟಿಗೆ. ಅದೂ ಎಂಥ ಪೆಟ್ಟಿಗೆ! ಹೊಟ್ಟೆಯಲ್ಲಿ ಗೆರಟೆಯ ಕೆಂಡ, ಮೇಲೆ ಮರದ ಹಿಡಿ, ಬೂದಿ ಹಾರದಂತೆ ಮುಚ್ಚಳ. ಪೆಟ್ಟಿಗೆಯಿಲ್ಲದ ಮನೆಯಲ್ಲಿ ಹಿತ್ತಾಳೆ ಚೆಂಬಿಗೆ ಕೆಂಡ ತುಂಬಿ ಅಂಗಿಯ ಮೇಲೆ ಉಜ್ಜುತ್ತಿದ್ದರು; ಅದಕ್ಕೂ ಹೆಸರು ಇಸ್ತ್ರಿಯೇ.

ತಮಾಷೆಯೆಂದರೆ ಈಗ ಪೋರ್ಚುಗಲ್ಲಿನಲ್ಲಿ ಈ ಕೆಲಸಕ್ಕೆ ಎಸ್ತಿರಾರ್ ಎನ್ನುವುದಿಲ್ಲ. ‘ಪಾಸಾರ್ ಆ ಫೆರ್ರು’, ಎಂದರೆ ಕಬ್ಬಿಣ ಹಾಯಿಸುವುದು ಎನ್ನುತ್ತಾರೆ. ಇಲ್ಲವೇ ‘ಎಂಗೊಮಾರ್’, ಅದರೊಳಗೆ ಗಂಜಿಯಿದೆ. ಖಾದಿಗೆ ಗಂಜಿ ಹಾಕಿ ಗರಿಗರಿ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಈ ಎರಡನೆಯದೇ ಹೆಚ್ಚು ಹಿಡಿಸುತ್ತಿತ್ತೇನೋ.

ಇಲ್ಲಿ ಇಂಗ್ಲಿಷು ಇನ್ನೊಂದು ಆಟ ಆಡಿದೆ. ವಸ್ತು ‘ಐರನ್ ಬಾಕ್ಸ್’ ಆಗಿದೆ, ಕೆಲಸ ಮಾತ್ರ ಇಸ್ತ್ರಿಯಾಗಿಯೇ ಉಳಿದಿದೆ. “ಐರನ್ ಬಾಕ್ಸ್ ಎಲ್ಲಿಟ್ಟದ್ದು? ಇಸ್ತ್ರಿ ಹಾಕ್ಲಿಕ್ಕುಂಟು” ಎಂದು ಪುತ್ತೂರಿನ ಹುಡುಗ ಕೇಳುವಾಗ, ಪೆಟ್ಟಿಗೆಯನ್ನು ಇಂಗ್ಲಿಷಿಗೆ ಬಿಟ್ಟುಕೊಟ್ಟ ಎಸ್ತಿರಾರ್ ಮತ್ತೆ ಕ್ರಿಯೆಯ ಕಡೆಗೇ ವಾಲಿರುತ್ತದೆ, ‘ಹಾಕು’ವಿನ ಕೈ ಹಿಡಿದು.