ಕೆರೀ ದಂಡಿ ಮ್ಯಾಲಿನ ಬೆಂಕಿ, ಮತ್ತ ಅದನ್ನ ಹಚ್ಚಿದವರು

ಶೇಜಾರದ ಮೌಶಿ ಮೊನ್ನೆ ಫೋನ್ ಮಾಡಿದಾಗ, "ಮೂರು ದಿನ ಸೂಟಿ ಇತ್ತಂತಲ್ಲ, ಎಲ್ಲೆ ಹೋಗಿದ್ರಿ?" ಅಂತ ಕೇಳಿದ್ರು. "ಕೆರಿ ನೋಡ್ಲಿಕ್ಕೆ" ಅಂದೆ. "ಅಯ್ಯ, ಅಷ್ಟು ದೂರ ಹೋಗಿ ಕೆರಿ ನೋಡೋದ? ನಮ್ಮ ಕೆಲಗೇರಿ ಕೆರಿ ಏನು ಪಾಪ ಮಾಡಿತ್ತು?" ಅಂತ ನಕ್ಕರು. ಫೋನಿನಾಗ ಪೂರ್ತಿ ಹೇಳ್ಲಿಕ್ಕೆ ಆಗಲಿಲ್ಲ. ಅದಕ್ಕ ಇಲ್ಲೆ ಬರೀಲಿಕ್ಕತ್ತೀನಿ, ಮೌಶಿಗೂ ನಿಮಗೆಲ್ಲಾರಿಗೂ.

ಕೆರಿ ಹೆಸರು ತಾಹೋ. ಕ್ಯಾಲಿಫೋರ್ನಿಯಾ ಮತ್ತ ನೆವಾಡಾ ರಾಜ್ಯದ ಗಡಿ ಅದರ ನಡುವನ ಹಾಯ್ದು ಹೋಗ್ತದ. ಗುಡ್ಡದ ಮ್ಯಾಲೆ ಆರು ಸಾವಿರದ ಇನ್ನೂರು ಫೂಟ್ ಎತ್ತರದಾಗ ಅದ, ಆಳ 1,645 ಫೂಟ್. ನಮ್ಮ ಬಿಜಾಪುರದ ಗೋಲಗುಮ್ಮಟ ಒಂದರ ಮ್ಯಾಲೊಂದು ಎಂಟು ಇಟ್ರೂ ಎಲ್ಲಾ ಮುಳಗ್ತಾವ, ತಿಳೀರಿ. ಮಗನ ಮನಿ ಇರೋ ಫ್ರೀಮಾಂಟಿನಿಂದ ನಾಕು ತಾಸಿನ ಹಾದಿ. ಆದ್ರ ಲೇಬರ್ ಡೇ ಸೂಟಿ, ಅಂದ್ರ ಸಪ್ಟೆಂಬರದ ಮೊದಲನೇ ಸೋಮವಾರ, ಊರಿಗೂರೇ ಅದೇ ಹಾದಿ ಹಿಡೀತದ. ನಮಗ ಏಳು ತಾಸು ಹಿಡೀತು. ಚಪಾತಿ, ಗುರೆಳ್ಳು ಚಟ್ನಿ ಎಲ್ಲಾ ಹಾದಿಯೊಳಗೇ ಅರ್ಧ ಖರ್ಚಾಗಿ ಹೋದ್ವು.

ನಾವು ಇಳದದ್ದು ಶುಗರ್ ಪೈನ್ ಪಾಯಿಂಟ್ ಅನ್ನೋ ಸ್ಟೇಟ್ ಪಾರ್ಕಿನಾಗ. ಕೆರಿ ದಂಡಿಗೇ ಅಡವಿ, ಅಡವಿಯೊಳಗ ಡೇರೆ ಹೊಡ್ಯೋ ಜಾಗ. ಕರಡಿ ಬರ್ತಾವಂತ ಪ್ರತಿ ಡೇರೆ ಮುಂದ ಒಂದು ಕಬ್ಬಿಣದ ಪೆಟ್ಟಿಗಿ ಇಟ್ಟಾರ. ವಾಸನಿ ಬರೋದು ಏನಿದ್ರೂ ಅದರಾಗ ಇಡಬೇಕು. ಉಣ್ಣೋ ಪದಾರ್ಥ ಅಷ್ಟ ಅಲ್ಲ, ಹಲ್ಲಿನ ಪೇಸ್ಟ್, ಕೊಬ್ಬರಿ ಎಣ್ಣಿ, ಪೌಡರ್ ಡಬ್ಬಿ, ನನ್ನ ಅಮೃತಾಂಜನ ಸೈತ. ರಾತ್ರಿ ತಲಿ ನೋವು ಬಂದ್ರ ಬ್ಯಾಟರಿ ಹಿಡಕೊಂಡು ಆ ಪೆಟ್ಟಿಗಿ ತೆಗೀಬೇಕು. ನಮ್ಮ ಸೊಸಿ ಮೆಂತ್ಯದ ಹಿಟ್ಟಿನ ಡಬ್ಬಿ ಮರೆತು ಹೊರಗ ಬಿಟ್ಟಿದ್ಲು. ಅರ್ಧ ರಾತ್ರಿ ಎದ್ದು ಓಡಿದ್ಲು.

ಸೂಟಿ ದಿನ ಇಂಥಾ ಪಾರ್ಕಿನಾಗ ಕಾರ್ಯಕ್ರಮ ಇಡ್ತಾರ. ಮುಂಜಾನೆ ಏಳರಿಂದ ಹನ್ನೆರಡು ವರ್ಷದ ಹುಡುಗರಿಗೆ 'ಜೂನಿಯರ್ ರೇಂಜರ್' ಕ್ಲಾಸು. ಸಂಜೀಕ ದೊಡ್ಡವರು ಸಣ್ಣವರು ಎಲ್ಲಾರಿಗೂ ಬೆಂಕಿ ಸುತ್ತ ಮಾತು, ಹಾಡು. ನನ್ನ ಮೊಮ್ಮಗಳಿಗೆ ಎಂಟು ವರ್ಷ. ಆಕಿ ಹಿಂದ ನಾನೂ ಹೋದೆ. ರೇಂಜರ್ ಒಬ್ಬಾಕಿ ಹುಡುಗಿ, ಅಗಲ ಟೊಪ್ಪಿಗಿ ಹಾಕ್ಕೊಂಡಿದ್ಲು. ಜೆಫ್ರಿ ಪೈನ್ ಅನ್ನೋ ಗಿಡದ ತೊಗಟಿಗೆ ಮೂಗು ಹಚ್ಚಿ ವಾಸನಿ ನೋಡ್ರಿ ಅಂದ್ಲು. ಹುಡುಗರೆಲ್ಲಾ ಗಿಡಾ ತಬ್ಬಿಕೊಂಡು ನಿಂತ್ವು. ನಾನೂ ನೋಡಿದೆ. ಖರೇನ ವೆನಿಲಾ ವಾಸನಿ! ಆಮ್ಯಾಲೆ ಶುಗರ್ ಪೈನ್ ಗಿಡದ ಕಾಯಿ ತೋರಿಸಿದ್ಲು, ನನ್ನ ಮೊಣಕೈಯಿಂದ ಬೆರಳ ತುದಿ ತನಕ ಉದ್ದ ಇತ್ತು. ಪೈನ್ ಜಾತಿಯೊಳಗ ಅದಕ್ಕಿಂತ ಉದ್ದ ಕಾಯಿ ಬ್ಯಾರೆ ಯಾವ ಗಿಡಕ್ಕೂ ಬಿಡೂದಿಲ್ಲಂತ.

ಸಂಜೀಕ ಬೆಂಕಿ ಮುಂದ ಆಕಿ ಒಂದು ಮಾತು ಅಂದ್ಲು: "ನಾವು ಹಿಂಗ ಕೂತು ಗಿಡಾ-ಪಕ್ಷಿ ಮಾತಾಡೋ ಪದ್ಧತಿ ನೂರು ವರ್ಷದ ಹಿಂದ ಇದೇ ಕೆರಿ ಸುತ್ತ ಬೆಳೀತು." ಅಷ್ಟ ಅಂದು ಹಾಡು ಶುರು ಮಾಡಿದ್ಲು. ನನಗ ಆ ಮಾತು ತಲ್ಯಾಗ ಕೂತುಬಿಡ್ತು. ವಾಪಸ್ ಬಂದ ಮ್ಯಾಲೆ ಇಲ್ಲಿನ ಲೈಬ್ರರಿಗೆ ಹೋಗಿ, ಮಗನ ಕಡೆ ಕಂಪ್ಯೂಟರಿನಾಗ ತೆಗಿಸಿ, ಎರಡು ವಾರ ಓದಿದೆ. ಅಲ್ಲೇ ತೊಂದರಿ ಶುರು ಆತು ನೋಡ್ರಿ.

ಮೊದಲ ಗಿಡದ ಕಥಿ. 1859ರಾಗ ನೆವಾಡಾದ ವರ್ಜೀನಿಯಾ ಸಿಟಿಯೊಳಗ ಬೆಳ್ಳಿ ಸಿಕ್ತು. ಗಣಿ ಕುಸೀಲಾರದಂಗ ಆಸರಿ ಕೊಡ್ಲಿಕ್ಕೆ ಕಟ್ಟಿಗಿ ಬೇಕಲ್ಲ, ತಾಹೋ ಸುತ್ತಲಿನ ಅಡವಿಯೆಲ್ಲಾ ಕಡದ್ರು. ಡ್ವೇನ್ ಬ್ಲಿಸ್ ಅನ್ನೋರು 1873ರಾಗ ಕಟ್ಟಿಗಿ ಕಂಪನಿ ಶುರು ಮಾಡಿ ದೊಡ್ಡ ಶ್ರೀಮಂತ ಆದ್ರು. ಗಿಡ ಮುಗಿದ ಮ್ಯಾಲೆ ಏನು ಮಾಡ್ಬೇಕು? ಕಟ್ಟಿಗಿ ಸಾಗಿಸೋ ರೈಲಿನ ಹಳಿ ಕಿತ್ತು, ಕೆರಿಯೊಳಗ ದಾಟಿಸಿ, ಆ ದಂಡಿಗೆ ಹಾಕಿ, 1900ರ ಹೊತ್ತಿಗೆ ಪ್ರವಾಸಿಗರನ್ನ ಕರಕೊಂಡು ಬರ್ಲಿಕ್ಕೆ ಶುರು ಮಾಡಿದ್ರು. ಮುಂದ 1929ರಾಗ ಅದೇ ಮನೆತನದವರು 744 ಎಕರೆ ರಾಜ್ಯಕ್ಕ ದಾನ ಕೊಟ್ರು. ಈಗ ಅದು ಡಿ. ಎಲ್. ಬ್ಲಿಸ್ ಸ್ಟೇಟ್ ಪಾರ್ಕ್. ನಾವು ಮರುದಿನ ಅಲ್ಲೇ ಹೋಗಿ ಅವಲಕ್ಕಿ ತಿಂದ್ವಿ.

ಇನ್ನ ಬೆಂಕಿ ಸುತ್ತಲಿನ ಮಾತಿನ ಕಥಿ. ತಾಹೋಕ್ಕ ಹತ್ತಿಕೊಂಡು ಫಾಲನ್ ಲೀಫ್ ಅಂತ ಸಣ್ಣ ಕೆರಿ ಅದ. 1919ರ ಬ್ಯಾಸಿಗ್ಯಾಗ ಅಲ್ಲಿನ ವಸತಿಗೃಹದೊಳಗ ಲಾಯ್ ಮಿಲ್ಲರ್ ಅನ್ನೋ ಪ್ರೊಫೆಸರ್ ಸಂಜೀಕ ಪಕ್ಷಿ ಬಗ್ಗೆ ಮಾತಾಡ್ತಿದ್ರು. ಪಕ್ಷಿ ಕೂಗನ್ನ ಬಾಯಿಂದ ಹಂಗ ತೆಗೀತಿದ್ರಂತ. ಸ್ಟೀಫನ್ ಮ್ಯಾಥರ್ ಅಂತ ಒಬ್ರು ಆವಾಗ ಅಲ್ಲೆ ಬಂದಿದ್ರು. ಇವರು ದೇಶದ ರಾಷ್ಟ್ರೀಯ ಉದ್ಯಾನ ಇಲಾಖೆಯ ಮೊದಲನೇ ಮುಖ್ಯಸ್ಥರು. ಅದಕ್ಕೂ ಮೊದಲ ಬಟ್ಟಿ ಒಗಿಯೋ ಬೊರ್ಯಾಕ್ಸ್ ಪುಡಿ ಮಾರಿ ಸಾಹುಕಾರ ಆದವರು. (ನಮ್ಮ ಸೊಸಿ ಬಾತ್‌ರೂಮಿನಾಗ ಈಗೂ ಆ ಪುಡಿ ಡಬ್ಬಿ ಅದ.) ಮಾತು ಕೇಳ್ಲಿಕ್ಕೆ ಜನ ಒಳಗ ಹಿಡಿಸಲಾರದಷ್ಟು ಕೂಡಿದ್ದು ನೋಡಿ ಅವರು ದಂಗಾದ್ರು. ಮಿಲ್ಲರ್ ಅವರನ್ನೂ, ಜೊತಿಗೆ ಕೆಲಸ ಮಾಡ್ತಿದ್ದ ಹೆರಾಲ್ಡ್ ಬ್ರಯಂಟ್ ಅವರನ್ನೂ ಯೊಸೆಮಿಟಿಗೆ ಕರಸ್ಕೊಂಡ್ರು. 1920ರಾಗ ಅಲ್ಲೆ ಪುಕ್ಕಟೆ 'ನೇಚರ್ ಗೈಡ್' ಸೇವಾ ಶುರು ಆತು. ಮುಂದ ಬ್ಯಾರೆ ಬ್ಯಾರೆ ಪಾರ್ಕಿಗೂ ಅದು ಹಬ್ಬಿತು.

ಪೂರ್ತಿ ಶ್ರೇಯ ತಾಹೋಕ್ಕ ಕೊಡೂದು ನನ್ನ ಮನಸ್ಸಿಗೆ ಬರೂದಿಲ್ಲ. ಅದಕ್ಕೂ ಎರಡು ವರ್ಷ ಮೊದಲ, 1917ರಾಗ, ಕೊಲೊರಾಡೋದ ರಾಕಿ ಪರ್ವತದಾಗ ಎಸ್ತರ್ ಮತ್ತ ಎಲಿಜಬೆತ್ ಬರ್ನೆಲ್ ಅನ್ನೋ ಅಕ್ಕ-ತಂಗಿ ಲೈಸೆನ್ಸ್ ತಗೊಂಡು ಜನರನ್ನ ಗುಡ್ಡಕ್ಕ ಕರಕೊಂಡು ಹೋಗ್ತಿದ್ರು. ಯೊಸೆಮಿಟಿಯೊಳಗ 1921ರಿಂದ ಈನಿಡ್ ಮೈಕಲ್ ಅನ್ನೋ ಬಾಯಿ ಹೂವು-ಗಿಡದ ಪಾಠ ಹೇಳ್ತಿದ್ರು, ಅಲ್ಲಿನ ಮೊದಲನೇ ಹೆಣ್ಣುಮಗಳು. ಮ್ಯಾಥರ್, ಮಿಲ್ಲರ್ ಅವರ ಹೆಸರು ದೊಡ್ಡ ಅಕ್ಷರದಾಗ ಬರ್ತಾವ, ಇವರದು ಹುಡುಕಬೇಕು. ಇದು ನಿಮಗೇನು ಹೊಸಾ ಸುದ್ದಿ ಅಲ್ಲ ಬಿಡ್ರಿ.

ಆದ್ರ ತಾಹೋದಾಗ 1919ರ ಪ್ರಯೋಗಕ್ಕ ರೊಕ್ಕ ಕೊಟ್ಟವರು ಯಾರು? ಸ್ಯಾಕ್ರಮೆಂಟೋದ ಶ್ರೀಮಂತ, ಚಾರ್ಲ್ಸ್ ಗೋಥೆ. ಅಂವನೂ ಅವನ ಹೆಂಡತಿ ಮೇರಿಯೂ ಯುರೋಪಿನಾಗ ಮಾಸ್ತರು ಹುಡುಗರನ್ನ ಕಟಕೊಂಡು ಗುಡ್ಡ ತಿರುಗೋದು ನೋಡಿ ಬಂದಿದ್ರು, ಅದನ್ನ ಇಲ್ಲೆ ತರಬೇಕಂತ ಹಟ ಹಿಡದ್ರು. ಇಷ್ಟು ಓದಿದಾಗ ನನಗ ಭಾಳ ಗೌರವ ಬಂತು. ಮುಂದಿನ ಪುಟ ತಿರುವಿದೆ.

ಅದೇ ಮನಷ್ಯಾ ಮೆಕ್ಸಿಕೋದವರು, ಏಷ್ಯಾದವರು ಈ ದೇಶಕ್ಕ ಬರಬಾರ್ದು ಅಂತ ವರ್ಷಗಟ್ಟಲೆ ಪ್ರಚಾರ ಮಾಡ್ಯಾನ. ಅದಕ್ಕಂತನ ಒಂದು ಸಂಘ ಕಟ್ಟಿದ್ದ. ಗಿಡಕ್ಕ ಒಳ್ಳೆ ಜಾತಿ ಕೆಟ್ಟ ಜಾತಿ ಇದ್ದಂಗ ಮನಷ್ಯಾರಿಗೂ ಇರ್ತದ, 'ಕೆಟ್ಟ ಬೀಜ' ಬೆಳೀಬಾರ್ದು ಅನ್ನೋದು ಅವನ ನಂಬಿಕಿ. 1933ರಾಗ ಆ ವಿಚಾರಕ್ಕ ಇನ್ನೊಂದು ಸಂಘ. ಹಿಟ್ಲರನ ಜರ್ಮನಿ ಇದೇ ಕೆಲಸಾ ಶುರು ಮಾಡಿದಾಗ ಅದನ್ನ ಹೊಗಳಿದ್ದ. ಕ್ಯಾಲಿಫೋರ್ನಿಯಾದಾಗ 1909ರಿಂದನ ಕಾನೂನು ಇತ್ತು: ಸರಕಾರಿ ಆಸ್ಪತ್ರಿ, ಆಶ್ರಮದಾಗ ಇದ್ದವರನ್ನ 'ತಲಿ ಸರಿ ಇಲ್ಲ', 'ನಡತಿ ಸರಿ ಇಲ್ಲ' ಅಂತ ಹೇಳಿ ಮಕ್ಕಳಾಗದಂಗ ಆಪರೇಶನ್ ಮಾಡೋದು. 1979ರಾಗ ಆ ಕಾನೂನು ತೆಗೆಯೂದರಾಗ ಸುಮಾರು ಇಪ್ಪತ್ತು ಸಾವಿರ ಮಂದಿಗೆ ಹಿಂಗ ಮಾಡಿದ್ರು. ಅವರೊಳಗ ಎಷ್ಟೋ ಜನ ಬಡವರ ಮನಿ ಸಣ್ಣ ಸಣ್ಣ ಹುಡುಗ್ಯಾರು. ಓದಿ ನನಗ ಕೈಕಾಲು ತಣ್ಣಗಾದ್ವು. ನಮ್ಮಲ್ಲೂ ತುರ್ತುಪರಿಸ್ಥಿತಿ ಟೈಮಿನಾಗ ಒತ್ತಾಯದ ಆಪರೇಶನ್ ಆಗಿದ್ದು ನಿಮಗ ನೆನಪದಲ್ಲ.

ಆ ಗೋಥೆ ತೀರಿದ್ದು 1966ರಾಗ. ಸ್ಯಾಕ್ರಮೆಂಟೋದಾಗ ಒಂದು ಸಾಲಿಗೆ, ನದೀ ದಂಡಿ ಮ್ಯಾಲಿನ ಒಂದು ಪಾರ್ಕಿಗೆ ಅವನ ಹೆಸರು ಇತ್ತು. 2007-08ರಾಗ ಜನ ಹೋರಾಡಿ ಎರಡೂ ಕಡೆ ತೆಗಸಿದ್ರು. ಸಾಲಿಗೆ ಈಗ ರೋಸಾ ಪಾರ್ಕ್ಸ್ ಹೆಸರು. ಬಸ್ಸಿನಾಗ ಸೀಟು ಬಿಟ್ಟು ಏಳಲಿಲ್ಲಲ್ಲ, ಆ ತಾಯಿದು.

ಇನ್ನೊಂದು ಮಾತು. ಕೆರಿಗೆ ತಾಹೋ ಅನ್ನೋ ಹೆಸರೇ ವಾಶೋ ಅನ್ನೋ ಮೂಲನಿವಾಸಿಗಳ ಭಾಷಾದಿಂದ ಬಂದದ್ದು. ಸಾವಿರಾರು ವರ್ಷದಿಂದ ಪ್ರತಿ ಬ್ಯಾಸಿಗಿ ಕುಟುಂಬ ಸಹಿತ ಬಂದು ಮೀನು ಹಿಡದು, ಹಣ್ಣು-ಗಡ್ಡಿ ಕೂಡಿಸಿ, ಚಳಿ ಬಂದ್ರ ಕೆಳಗ ಇಳೀತಿದ್ರು. ಅಡವಿ ಹೋಯಿತು, ಜಾಗಾ ಹೋಯಿತು. ಆಮ್ಯಾಲೆ ಅವರ ಹೆಂಗಸರು ಬಿಳೇರ ಮನ್ಯಾಗ ಬಟ್ಟಿ ಒಗದು ಹೊಟ್ಟಿ ಹೊರಕೊಂಡ್ರು. ಅವರೊಳಗ ದತ್ಸೊಲಾಲೀ ಅನ್ನೋ ಬಾಯಿ ಅರಬಿ ಒಗಿಯೋ ಕೆಲಸದಿಂದ ಶುರು ಮಾಡಿ, ಬುಟ್ಟಿ ಹೆಣ್ಯೋದರಾಗ ದೇಶಕ್ಕ ಹೆಸರಾದ್ರು. ವಿಲೋ ಬರಲು ಸೀಳಿ, ಕೆಂಪಿಗೆ ರೆಡ್‌ಬಡ್ ಗಿಡದ ತೊಗಟಿ, ಕಪ್ಪಿಗೆ ಜರೀಗಿಡದ ಬೇರು. ತಾಹೋದ ಬ್ಯಾಸಿಗಿ ಅಂಗಡಿಯೊಳಗ ಪ್ರವಾಸಿಗರು ಬಂದು ಅವರನ್ನ ನೋಡಿ ಹೋಗ್ತಿದ್ರು. ಯಾವ ಗಿಡ ಯಾವ ತಿಂಗಳಾಗ ಕಡೀಬೇಕು, ಯಾವ ಬೇರು ಎಷ್ಟು ನೆನೀಬೇಕು, ಎಲ್ಲಾ ಆಕಿ ಬೆರಳಿನಾಗ ಇತ್ತು. ಆಕಿ ತೀರಿಕೊಂಡದ್ದು 1925ರಾಗ. ಅಂದ್ರ ಕೆರಿ ದಂಡಿಗೆ ಪ್ರೊಫೆಸರ್ ಮಾತಿಗೆ ಜನ ಕೂಡಿದಾಗ ಆಕಿ ಇನ್ನೂ ಇದ್ಲು. 'ನೇಚರ್ ಗೈಡ್' ಅಂತ ಆಕಿಗೆ ಯಾರೂ ಅಂದದ್ದು ನಾನಂತೂ ಎಲ್ಲೂ ಓದಲಿಲ್ಲ.

ಇದನ್ನ ಬರೀವಾಗ ನನಗ ನಮ್ಮ ಓಣಿ ನೆನಪಾತು. ಮರಾ, ಬುಟ್ಟಿ ಮಾರ್ಲಿಕ್ಕೆ ಬರ್ತಿದ್ದಾಕಿನ್ನ ನಮ್ಮವ್ವ ಕಟ್ಟಿ ಕೆಳಗ ಕೂಡಿಸಿ, ನೀರು ಕೇಳಿದ್ರ ಮ್ಯಾಲಿಂದ ಬೊಗಸಿಗೆ ಹಾಕ್ತಿದ್ಲು. ಆಕಿ ಮರದಾಗನ ಅಕ್ಕಿ ಹಸನ ಮಾಡ್ತಿದ್ವಿ. ನಾನೂ ನಿಂತು ನೋಡೀನಿ, ಒಂದು ದಿನನೂ ಯಾಕ ಅಂತ ಕೇಳಿಲ್ಲ. ಗೋಥೆಗೆ ಬೈಲಿಕ್ಕೆ ಕೂತಾಗ ಇದೂ ಬಂದು ಎದುರಿಗೆ ನಿಂತ್ರ ಏನು ಮಾಡ್ಲಿ?

ರಾತ್ರಿ ಊಟಕ್ಕ ಕೂತಾಗ ಇದೆಲ್ಲಾ ಹೇಳಿದೆ. ಮಗ ಮಾರಿ ಸಣ್ಣದು ಮಾಡಿದಾ. "ಅವ್ವಾ, ಆಕಿ ಮುಂದ ಹೇಳಬ್ಯಾಡ. ಬ್ಯಾಡ್ಜ್ ಹಚಗೊಂಡು ಎಷ್ಟು ಖುಷಿ ಆಗ್ಯಾಳ, ಯಾಕ ಕೆಡಸ್ತಿ?" ಸೊಸಿ, "ಅತ್ಯಾ ಹೇಳ್ಲಿ ಬಿಡ್ರಿ. ನಾಳೆ ಸಾಲ್ಯಾಗ ಯಾರರ ನಿಮ್ಮ ಊರಿಗೆ ಹೋಗು ಅಂದ್ರ, ಇದು ಇವತ್ತಿಂದಲ್ಲ ಅಂತರೇ ತಿಳೀತದ" ಅಂದ್ಲು. ಇಬ್ಬರೂ ಸ್ವಲ್ಪ ಜೋರಾಗೇ ಮಾತಾಡಿದ್ರು. ನಾನು ಹುಳಿ ಬಡಿಸೋ ನೆವ ಮಾಡಿ ಎದ್ದೆ.

ಎರಡು ದಿನ ವಿಚಾರ ಮಾಡಿದೆ. ನಾವು ಡೇರೆ ಹೊಡದ ಶುಗರ್ ಪೈನ್ ಪಾಯಿಂಟ್ ಅದಲ್ಲ, ಅದು ಮೊದಲ ಹೆಲ್ಮನ್ ಅನ್ನೋ ಬ್ಯಾಂಕ್ ಮಾಲಕರ ಬ್ಯಾಸಿಗಿ ಬಂಗಲೆ ಇದ್ದ ಜಾಗ. 1903ರಾಗ ಕಟ್ಟಿಸಿದ್ದು. ಅವರ ಮನೆತನದವರಿಂದ ರಾಜ್ಯ ತಗೊಂಡದ್ದು 1965ರಾಗ. ಅದೇ 1965ರ ಅಕ್ಟೋಬರಿನಾಗ ಈ ದೇಶದ ವಲಸೆ ಕಾನೂನು ಬದಲಾತು. 1917ರಿಂದ ಹಿಂದೂಸ್ತಾನದವರಿಗೆ ಬಾಗಿಲಾ ಮುಚ್ಚಿತ್ತು, 1946ರಾಗ ವರ್ಷಕ್ಕ ನೂರು ಮಂದಿಗೆ ಅಷ್ಟ ಕಿಂಡಿ ತೆರದಿತ್ತು, ಆ ಹೊಸಾ ಕಾನೂನಿನಿಂದ ಬಾಗಿಲಾ ತೆರೀತು. ನನ್ನ ಮಗ ಬಂದದ್ದು ಭಾಳ ಮುಂದ, ಆದ್ರ ಬಂದದ್ದು ಆ ಬಾಗಿಲದಿಂದನ. ಗೋಥೆ ಆವಾಗ ಇನ್ನೂ ಜೀವಂತ ಇದ್ದ.

ಕಡೀಕ ರವಿವಾರ ಮುಂಜಾನೆ ಮೊಮ್ಮಗಳ ಜಡಿ ಹಾಕೋವಾಗ, ಆಕಿಗೆ ತಿಳಿಯೂವಷ್ಟು ಹೇಳಿದೆ. ಆಪರೇಶನ್ ಮಾತು ಬಿಟ್ಟೆ, ಅದು ದೊಡ್ಡಾಕಿ ಆದ ಮ್ಯಾಲೆ ಅವರಮ್ಮ ಹೇಳ್ಲಿ. ಗಿಡಾ-ಪಕ್ಷಿ ಪಾಠಕ್ಕ ರೊಕ್ಕ ಕೊಟ್ಟ ಒಬ್ಬ ಮನಷ್ಯಾ ಇದ್ದ, ಅವನಿಗೆ ನಮ್ಮಂಥವರು ಇಲ್ಲೆ ಬರೋದು ಬೇಕಿರಲಿಲ್ಲ ಅಂದೆ. ಬುಟ್ಟಿ ಹೆಣೀತಿದ್ದ ಅಜ್ಜಿ ಕಥಿನೂ ಹೇಳಿದೆ.

ಅರ್ಧ ಜಡಿಯೊಳಗ ತಿರುಗಿ ನೋಡಿದ್ಲು. "ಅಜ್ಜಿ, ಇದು ರೇಂಜರಿಗೆ ಗೊತ್ತದೇನು?"

"ನನಗೇನು ಗೊತ್ತವ್ವಾ."

"ಹಂಗಾರ ಕೇಳೋಣು. ಆಕಿ ಏನು ಬೇಕಾದ್ದು ಕೇಳ್ರಿ ಅಂದಿದ್ಲಲ್ಲ."

ಜಡಿ ಮುಗಿಯೂದರಾಗ ಕಾಗದ-ಪೆನ್ಸಿಲ್ ತಂದು ಕೂತ್ಲು. ಮ್ಯಾಲೆ ಶುಗರ್ ಪೈನ್ ಕಾಯಿ ಚಿತ್ರ ಬರದಾಳ. ಪಾರ್ಕಿನಿಂದ ಏನೂ ಎತಗೊಂಡು ಬರಬಾರ್ದು ಅಂತ ನಿಯಮ, ಅದಕ್ಕ ಆ ಕಾಯಿ ಅಲ್ಲೇ ಇಟ್ಟು ಬಂದಿದ್ವಿ, ಆಕಿಗೆ ಅದೊಂದು ದುಃಖ ಉಳದದ. ಕೆಳಗ ಮೂರು ಪ್ರಶ್ನಿ: ಆ ಮನಷ್ಯಾನ ಬಗ್ಗೆ ನಿಮಗ ಗೊತ್ತೇನು, ಗೊತ್ತಿದ್ರ ಯಾಕ ಹೇಳಲಿಲ್ಲ, ಬುಟ್ಟಿ ಅಜ್ಜಿಯ ಮೊಮ್ಮಕ್ಕಳಿಗೂ ಈ ಬ್ಯಾಡ್ಜ್ ಕೊಡ್ತೀರೇನು. ಸೊಸಿ ಅಂಚೆ ಚೀಟಿ ಹಚ್ಚಿದ್ಲು. ಮಗ ಪಾರ್ಕಿನ ವಿಳಾಸ ಹುಡುಕಿ ಕೊಟ್ಟಾ, ಬಾಯಿ ಮುಚಗೊಂಡು.

ಉತ್ತರ ಇನ್ನೂ ಬಂದಿಲ್ಲ. ದಿನಾ ಸಾಲಿಯಿಂದ ಬಂದಕೂಡ್ಲೆ ಟಪಾಲ ಡಬ್ಬಿ ನೋಡ್ತಾಳ. ನಾನು ನವೆಂಬರಿನಾಗ ಧಾರವಾಡಕ್ಕ ಬರ್ತೀನಿ, ಅಷ್ಟರಾಗ ಬಂದ್ರ ಮೌಶಿಗೆ ಮೊದಲ ಓದಿ ಹೇಳ್ತೀನಿ.