ಬ್ರೇಕರಿನ ಮೈಯಲ್ಲೇ ಕರೆಂಟ್ ಹರಿಸಿ ನೋಡುವುದು

ಪ್ಯಾನೆಲ್ಲಿನೊಳಗೆ ವರ್ಷಗಟ್ಟಲೆ ಅಲುಗಾಡದೆ ಕೂತ ದೊಡ್ಡ ಬ್ರೇಕರ್, ಶಾರ್ಟ್ ಸರ್ಕ್ಯೂಟ್ ಆದಾಗ ನಿಜಕ್ಕೂ ಟ್ರಿಪ್ ಆದೀತೇ? ಇದನ್ನು ಮೊದಲೇ ತಿಳಿಯುವ ನೇರ ದಾರಿ ಪ್ರೈಮರಿ ಇಂಜೆಕ್ಷನ್. ಬ್ರೇಕರಿನ ಪೋಲ್ ಮೂಲಕವೇ ಸಾವಿರಾರು ಆಂಪಿಯರ್ ಹರಿಸಿ, ಅದು ತೆರೆದುಕೊಳ್ಳಲು ಹಿಡಿದ ಸಮಯವನ್ನು ಅಳೆಯುತ್ತಾರೆ. ಇದಕ್ಕೆ ವೋಲ್ಟೇಜ್ ಹೆಚ್ಚು ಬೇಡ. ದಾರಿಯ ಒಟ್ಟು ತಡೆ 0.5 ಮಿಲಿಓಮ್ ಇದ್ದರೆ 10,000 ಆಂಪಿಯರಿಗೆ 5 ವೋಲ್ಟ್ ಸಾಕು.

ಹಳೆಯ ಬ್ರೇಕರುಗಳಿಗೆ ಬೇರೆ ಪರೀಕ್ಷೆಯೇ ಇರಲಿಲ್ಲ. ಲೋಡ್ ಕರೆಂಟೇ ಹಾಯುವ ಕಾಯಿಲ್ ಆರ್ಮೇಚರನ್ನು ಎಳೆಯುತ್ತಿತ್ತು. ಎಣ್ಣೆ ತುಂಬಿದ ಡ್ಯಾಶ್‌ಪಾಟ್ ಅದನ್ನು ನಿಧಾನಿಸುತ್ತಿತ್ತು. ಎಣ್ಣೆ ಗಟ್ಟಿಯಾದರೆ ಟ್ರಿಪ್ ತಡವಾಗುತ್ತಿತ್ತು, ಹೊರಗಿನಿಂದ ಮಾತ್ರ ಏನೂ ಕಾಣುತ್ತಿರಲಿಲ್ಲ.

ಅಷ್ಟು ಕರೆಂಟ್ ಹರಿಸುವುದು ಸುಲಭವೇನಲ್ಲ. ಲೀಡುಗಳು ತುಸು ಉದ್ದವಾದರೂ, ಹೋಗುವ ಬರುವ ಕೇಬಲ್‌ಗಳ ನಡುವೆ ಜಾಗ ಬಿಟ್ಟರೂ ಇಂಡಕ್ಟನ್ಸ್ ಏರಿ ಕರೆಂಟ್ ಕುಸಿಯುತ್ತದೆ. ಅದಕ್ಕೇ ಎರಡನ್ನೂ ಒತ್ತಾಗಿ ಸೇರಿಸಿ ಕಟ್ಟುತ್ತಾರೆ. ಸ್ವಿಚ್ ಹಾಕುವ ಗಳಿಗೆಯೂ ಮುಖ್ಯ. ವೋಲ್ಟೇಜ್ ಸೊನ್ನೆ ದಾಟುವಾಗ ಹಾಕಿದರೆ ಮೊದಲ ಅಲೆ ಒಂದು ಬದಿಗೆ ವಾಲಿ ವಿಪರೀತ ಎತ್ತರಕ್ಕೇರುತ್ತದೆ. ಸೆಟ್ಟಿಂಗಿಗಿಂತ ಕೆಳಗೇ ಇನ್‌ಸ್ಟಂಟೇನಿಯಸ್ ಟ್ರಿಪ್ ಆಗಿ, ಸರಿಯಿರುವ ಬ್ರೇಕರ್ ಫೇಲ್ ಅನ್ನಿಸಿಕೊಳ್ಳುತ್ತದೆ. ಕಾಂಟ್ಯಾಕ್ಟರಿನ ಬದಲು ಥೈರಿಸ್ಟರ್ ಬಂದ ಮೇಲೆ, ಅಲೆಯ ಯಾವ ಬಿಂದುವಿನಲ್ಲಿ ಕರೆಂಟ್ ಬಿಡಬೇಕೆಂಬುದು ಪರೀಕ್ಷಿಸುವವರ ಕೈಗೆ ಬಂತು. ಈ ಕ್ಷೇತ್ರ ಇಟ್ಟ ಅತಿ ದೊಡ್ಡ ಹೆಜ್ಜೆ ಇದೇ ಎಂದು ನನ್ನ ಅಭಿಪ್ರಾಯ.

ಸ್ಥಳದಲ್ಲೇ ಪರೀಕ್ಷಿಸುವುದು ನಿಯಮವಾದದ್ದರ ಹಿಂದೆ ಅರ್ಥ್ ಫಾಲ್ಟಿನ ಕತೆಯಿದೆ. ಅಮೆರಿಕದ 480 ವೋಲ್ಟ್ ಸ್ವಿಚ್‌ಬೋರ್ಡುಗಳಲ್ಲಿ ಅರ್ಥ್ ಫಾಲ್ಟಿನ ಆರ್ಕ್, ಬ್ರೇಕರನ್ನು ಟ್ರಿಪ್ ಮಾಡುವಷ್ಟು ಕರೆಂಟ್ ಎಳೆಯದೆ ಬಸ್‌ಬಾರುಗಳನ್ನೇ ಕರಗಿಸುತ್ತಿತ್ತು. 1971ರಲ್ಲಿ ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 1000 ಆಂಪಿಯರಿನಿಂದ ಮೇಲ್ಪಟ್ಟ ಅಂಥ ಸರ್ವಿಸ್‌ಗಳಿಗೆ ಅರ್ಥ್ ಫಾಲ್ಟ್ ರಕ್ಷಣೆಯನ್ನು ಕಡ್ಡಾಯ ಮಾಡಿತು. ಅಳವಡಿಸಿದ ಸ್ಥಳದಲ್ಲೇ ಅದನ್ನು ಪರೀಕ್ಷಿಸಬೇಕೆಂಬ ನಿಯಮ ಆಮೇಲೆ ಸೇರಿತು.

ಅದೇ ಕಾಲಕ್ಕೆ ಡ್ಯಾಶ್‌ಪಾಟ್ ಹೋಗಿ ಕರೆಂಟ್ ಅಳೆಯುವ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್), ಟ್ರಿಪ್ ಆದೇಶ ಕೊಡುವ ಎಲೆಕ್ಟ್ರಾನಿಕ್ ರಿಲೀಸ್ ಬಂದವು, ಮುಂದೆ ಮೈಕ್ರೋಪ್ರೊಸೆಸರ್. ಜೊತೆಗೆ, ಕೈಯಲ್ಲಿ ಹಿಡಿದೊಯ್ಯುವ ಸೆಕೆಂಡರಿ ಇಂಜೆಕ್ಷನ್ ಕಿಟ್. ಅದು ರಿಲೀಸಿಗೆ ನೇರವಾಗಿ ಸಣ್ಣ ಸಿಗ್ನಲ್ ಕೊಟ್ಟು ಲೆಕ್ಕ ಸರಿಯಿದೆಯೇ ನೋಡುತ್ತದೆ. ಸಿ.ಟಿ.ಯನ್ನು, ಅದರ ವೈರಿಂಗನ್ನು ಅದು ಮುಟ್ಟುವುದೇ ಇಲ್ಲ.

ನ್ಯೂಟ್ರಲ್ ಸಿ.ಟಿ. ತಿರುಗುಮುರುಗಾಗಿದೆ ಎನ್ನಿ. ಕಿಟ್ಟಿನ ವರದಿಯಲ್ಲಿ ಎಲ್ಲವೂ ಪಾಸ್. ಪ್ರೈಮರಿ ಇಂಜೆಕ್ಷನ್‌ನಲ್ಲಿ ಕರೆಂಟನ್ನು ಒಂದು ಫೇಸಿನಲ್ಲಿ ಕಳಿಸಿ ನ್ಯೂಟ್ರಲ್‌ನಲ್ಲಿ ವಾಪಸು ತರುತ್ತಾರೆ. ಪೊಲಾರಿಟಿ ಸರಿಯಿದ್ದರೆ ರಿಲೀಸ್ ಕಾಣುವ ಎರಡೂ ಸಿ.ಟಿ.ಗಳ ಮೊತ್ತ ಸೊನ್ನೆ, ಬ್ರೇಕರ್ ಅಲುಗದು. ತಿರುಗಿದ್ದರೆ ಮೊತ್ತ ಇಮ್ಮಡಿಯಾಗಿ, ಅರ್ಥ್ ಫಾಲ್ಟ್ ಸೆಟ್ಟಿಂಗಿನ ಅರ್ಧಕ್ಕೇ ಟ್ರಿಪ್ ಆಗುತ್ತದೆ.

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ನಡೆಯುವ ಶಾರ್ಟ್ ಸರ್ಕ್ಯೂಟ್ ಪರೀಕ್ಷೆ, ಒಂದು ಮಾದರಿಯ ವಿನ್ಯಾಸ ಗಟ್ಟಿಯೆಂದು ಸಾಬೀತು ಮಾಡುತ್ತದೆ. ನಿಮ್ಮ ಕಾರ್ಖಾನೆಯ ಪ್ಯಾನೆಲ್ಲಿಗೆ ವೈರಿಂಗ್ ಮಾಡಿದವರ ಕೆಲಸದ ಬಗ್ಗೆ ಅದು ಏನನ್ನೂ ಹೇಳಲಾರದು. ವಾಡಿಕೆಯ ತಪಾಸಣೆಗೆ ಸೆಕೆಂಡರಿ ಕಿಟ್ ನಡೆದೀತು. ಕಮಿಷನಿಂಗ್ ವೇಳೆ, ಮತ್ತು ಸಿ.ಟಿ. ಅಥವಾ ರಿಲೀಸ್ ಬದಲಾಯಿಸಿದಾಗಲೆಲ್ಲ, ಪ್ರೈಮರಿ ಇಂಜೆಕ್ಷನ್ ಮಾಡಿಸದೆ ಸಹಿ ಹಾಕಬಾರದು.