ಉಬ್ಬರವಿಳಿತದ ವಲಯ ಹಾಗೂ ಕಡಲ ಬಸವನಹುಳುಗಳ ಗಾತ್ರ: ಸಾರ್ವಜನಿಕರಿಗೆ ಮಾಹಿತಿ

ಉಬ್ಬರದ ಮೇಲ್ರೇಖೆ ಹಾಗೂ ಇಳಿತದ ಕೆಳರೇಖೆಗಳ ನಡುವಣ ಪ್ರದೇಶವನ್ನು ಉಬ್ಬರವಿಳಿತ ವಲಯವೆಂದು ಕರೆಯಲಾಗುತ್ತದೆ. ಒಳನಾಡಿನ ನಾಗರಿಕರಿಗೆ ಈ ಕಲ್ಪನೆಯು ಅಷ್ಟಾಗಿ ಪರಿಚಿತವಲ್ಲ. ರೋಣ ತಾಲ್ಲೂಕಿನ ಮೆಣಸಗಿಯ ಬಳಿ ಮಲಪ್ರಭೆಯ ನೀರು ಏರಿಳಿಯುವುದು ಮಳೆ ಹಾಗೂ ನವಿಲುತೀರ್ಥ ಜಲಾಶಯದಿಂದ ಬಿಡುವ ನೀರನ್ನು ಅವಲಂಬಿಸಿ. ಕಾರವಾರ, ಹೊನ್ನಾವರ, ಮಲ್ಪೆಗಳ ಕಡಲಂಚಿನಲ್ಲಾದರೋ ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತಗಳಾಗುತ್ತವೆ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಏರಿಳಿತವು ಸುಮಾರು 2 ಮೀಟರ್ ಇರುತ್ತದೆ.

ಇಷ್ಟು ಕಿರಿದಾದ ಎತ್ತರದಲ್ಲಿಯೇ ಬಂಡೆಗಳ ಮೇಲಿನ ಬಸವನಹುಳುಗಳ ಗಾತ್ರವು ಬದಲಾಗುತ್ತದೆ. (ಅಘನಾಶಿನಿ ಅಳಿವೆಯಲ್ಲಿ ಆಯುವ ಬೆಳಚು ಎರಡು ಚಿಪ್ಪಿನ ಜೀವಿಯಾಗಿದ್ದು, ಇಲ್ಲಿ ಪ್ರಸ್ತಾಪಿಸಿರುವ ಗುಂಪಿಗೆ ಸೇರುವುದಿಲ್ಲ.) ಅತಿ ಮೇಲ್ಭಾಗದಲ್ಲಿ ಲಿಟ್ಟೊರಿನಾ ಕುಟುಂಬದವು, ಅವುಗಳ ಕೆಳಗೆ ನೆರೈಟಾ, ಇನ್ನೂ ಕೆಳಗೆ ಟರ್ಬೊ ಹಾಗೂ ಥೈಸ್ ಜಾತಿಯವು ಸಾಮಾನ್ಯವಾಗಿ ಕಂಡುಬರುತ್ತವೆ. ಮೇಲ್ಭಾಗದ ಜಾತಿಗಳಲ್ಲಿ ಹಲವು ಒಂದು ಸೆಂಟಿಮೀಟರನ್ನೂ ಮೀರುವುದಿಲ್ಲ. ಆದುದರಿಂದ ಮೇಲೆ ಚಿಕ್ಕವು, ಕೆಳಗೆ ದೊಡ್ಡವು ಎಂಬ ಭಾವನೆ ಸಹಜವಾದರೂ ಒಂದೇ ಜಾತಿಯೊಳಗೆ ಅಳೆದಾಗ ಅದು ಯಾವಾಗಲೂ ನಿಲ್ಲದು.

ಚಿಪ್ಪುಗಳನ್ನು ಬೆರಳಿನ ಸ್ಪರ್ಶದಿಂದಲೇ ಅಧ್ಯಯನ ಮಾಡಿದ ಅಂಧ ವಿಜ್ಞಾನಿ ಗೀರಟ್ ವರ್ಮೈ ಅವರು 1972ರಲ್ಲಿ ಈ ವಿಷಯವನ್ನು ಕ್ರಮಬದ್ಧವಾಗಿ ವಿವರಿಸಿದರು. ಮೇಲ್ಭಾಗದಲ್ಲಿ ವಾಸಿಸುವ ಜಾತಿಗಳಲ್ಲಿ ಮೇಲಕ್ಕೆ ಹೋದಂತೆ ಗಾತ್ರವು ಹೆಚ್ಚುವುದು ಸಾಮಾನ್ಯ. ಚಿಕ್ಕ ಚಿಪ್ಪಿನಲ್ಲಿ ಹಿಡಿದಿಡುವ ನೀರು ಅದರ ಹೊರಮೈಗೆ ಹೋಲಿಸಿದರೆ ಅತ್ಯಲ್ಪ. ಬಿಸಿಲಿಗೆ ಕಾದ ಬಂಡೆಯ ಮೇಲೆ ಅದು ಬೇಗನೆ ಒಣಗಿ ಸಾಯುತ್ತದೆ, ದೊಡ್ಡದು ಮುಂದಿನ ಉಬ್ಬರದವರೆಗೆ ತಾಳಿಕೊಳ್ಳುತ್ತದೆ. ಕೆಳಭಾಗದ ಜಾತಿಗಳಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ದೊಡ್ಡವು ಕೆಳಗಿರುತ್ತವೆ. ಅಲ್ಲಿ ಏಡಿ, ಮೀನು ಹಾಗೂ ಬೇಟೆಯಾಡುವ ಬಸವನಹುಳುಗಳಿಗೆ ಮರಿಗಳು ಸುಲಭವಾಗಿ ಬಲಿಯಾಗುವುದರಿಂದ ಸ್ವಲ್ಪ ಮೇಲಿರುವ ಮರಿಗಳೇ ಹೆಚ್ಚಾಗಿ ಉಳಿಯುತ್ತವೆ. ಅಲೆಯ ಹೊಡೆತ, ಬಿರುಕುಗಳ ಆಸರೆ, ಆಹಾರದ ಲಭ್ಯತೆಗಳಿಂದಲೂ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸ ಉಂಟಾಗುತ್ತದೆ.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಉಬ್ಬರವಿಳಿತ ವಲಯವನ್ನು 1-ಬಿ ವರ್ಗದಲ್ಲಿ ಸೇರಿಸಲಾಗಿದೆ. ಇಲ್ಲಿ ಕೈಗೊಳ್ಳುವ ಯೋಜನೆಗಳಿಗೆ ಅರ್ಜಿ ಸಲ್ಲಿಸುವವರು ಪರಿಸರ ಪರಿಣಾಮ ವರದಿಯಲ್ಲಿ ಮೃದ್ವಂಗಿಗಳ ಅಳತೆಯನ್ನು ನೀಡಿದ್ದಲ್ಲಿ, ಸದರಿ ಅಳತೆಯನ್ನು ಯಾವ ಎತ್ತರದಲ್ಲಿ ಹಾಗೂ ಇಳಿತದ ಯಾವ ಸಮಯದಲ್ಲಿ ತೆಗೆಯಲಾಯಿತೆಂಬುದನ್ನೂ ನಮೂದಿಸುವುದು ಸೂಕ್ತ. ಒಂದೇ ಮಟ್ಟದಲ್ಲಿ ಅಳೆದು ಸಿದ್ಧಪಡಿಸಿದ ಪಟ್ಟಿಯು ನೋಡಲು ಅಚ್ಚುಕಟ್ಟಾಗಿದ್ದರೂ ಮರಿಗಳನ್ನಷ್ಟೇ ಅಥವಾ ಸಂತಾನ ನೀಡುವ ಪ್ರೌಢ ಜೀವಿಗಳನ್ನಷ್ಟೇ ತೋರಿಸಿರಬಹುದು. ಮೇಲ್ಭಾಗದ ಬಂಡೆಸಾಲನ್ನು ಬರಡೆಂದು ಭಾವಿಸಿ ತಡೆಗೋಡೆಯಿಂದ ಮುಚ್ಚಿದಲ್ಲಿ ಕೆಲವು ಜಾತಿಗಳ ದೊಡ್ಡ ಜೀವಿಗಳೇ ನಾಶವಾಗುವ ಸಂಭವವಿರುತ್ತದೆ.

ಅಧ್ಯಯನ ಪ್ರವಾಸಕ್ಕೆ ಬರುವ ವಿದ್ಯಾರ್ಥಿಗಳು ಜೀವಿಗಳನ್ನು ಸ್ಥಳದಲ್ಲಿಯೇ ಅಳೆದು, ತೆಗೆದ ಜಾಗದಲ್ಲಿಯೇ ಬಿಡತಕ್ಕದ್ದು. ಕೆಲವು ಶಂಖ ಹಾಗೂ ಕವಡೆ ಜಾತಿಗಳು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಅನುಸೂಚಿಗಳಲ್ಲಿ ಸೇರಿರುವುದರಿಂದ ಅವುಗಳ ಸಂಗ್ರಹಣೆಯು ಅಪರಾಧವಾಗುತ್ತದೆ.